ಸ್ಪಷ್ಟನೆ: ತೂಕ ಇಳಿಸುವ ಸರ್ಜರಿ ಆದರೆ ಮನಸ್ಸಿನ ಮಾತ್ರೆ ಅರ್ಧ ಮಾಡಬೇಕೇ?

“ಸರ್ಜರಿ ಆದ ಮೇಲೆ ಮೈ ಇಳಿಯುತ್ತದೆ, ಮನಸ್ಸಿನ ಮಾತ್ರೆಯನ್ನೂ ಅರ್ಧ ಮಾಡಿ” ಎಂಬ ಮಾತು ಹರಿದಾಡುತ್ತಿದೆ. ತಪ್ಪು.

ಬೈಪಾಸ್‌ (ಹೊಟ್ಟೆಯನ್ನು ಚಿಕ್ಕದು ಮಾಡಿ ನೇರ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ತೂಕ ಇಳಿಸುವ ಸರ್ಜರಿ) ಆದವರಲ್ಲಿ ಮಾತ್ರೆ ಹೊಟ್ಟೆಯ ಬಹುಭಾಗವನ್ನೂ ಸಣ್ಣಕರುಳಿನ ಮೊದಲ ತುಂಡನ್ನೂ ಮುಟ್ಟುವುದೇ ಇಲ್ಲ. ಸರ್ಟ್ರಾಲಿನ್‌ನಂಥ ಖಿನ್ನತೆಯ ಔಷಧಿ ರಕ್ತಕ್ಕೆ ಸೇರುವುದು ಆಗಲೇ ತಗ್ಗಿರಬಹುದು. ಅದನ್ನೂ ಅರ್ಧ ಮಾಡಿದರೆ ಉಳಿಯುವುದೇನು?

ಬೈಪೋಲಾರ್ ಕಾಯಿಲೆಗೆ (ಮನಸ್ಸಿನ ವಿಪರೀತ ಏರಿಳಿತ) ಕೊಡುವ ಲಿಥಿಯಂ ಲೆಕ್ಕ ಉಲ್ಟಾ. ಮೊದಲ ವಾರಗಳಲ್ಲಿ ಗುಟುಕು ಗುಟುಕಾಗಿ ಕುಡಿಯುವ ನೀರು ಸಾಲದೆ, ಉಪ್ಪು ತಗ್ಗಿ, ವಾಂತಿಯೂ ಸೇರಿದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಳೇ ಡೋಸೇ ವಿಷವಾದೀತು. ಕೈನಡುಕ ಜೋರಾಗಿ, ಭೇದಿ, ತೂರಾಟ, ತೊದಲು ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಮೊದಲ 6 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ ಒಳ್ಳೆಯದು. ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಿ. ಬೆಳಗಿನ ಮಾತ್ರೆ ನುಂಗಿ ಹೋದರೆ ಅಂಕಿ ಸುಳ್ಳು ಹೇಳುತ್ತದೆ. ರಕ್ತದಲ್ಲಿ ಲಿಥಿಯಂನ ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್.

“ನುಂಗಲಾಗದಿದ್ದರೆ ಪುಡಿ ಮಾಡಿ” ಎನ್ನುವುದು ಅರೆಸತ್ಯ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್, ಸಿಆರ್ (ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆಯ ಗುರುತು) ಇದ್ದರೆ ಪುಡಿ ಮಾಡಬೇಡಿ, ಇಡೀ ದಿನದ ಔಷಧಿ ಒಮ್ಮೆಗೇ ಬಿಟ್ಟುಕೊಳ್ಳುತ್ತದೆ. ಸಾದಾ ಮಾತ್ರೆಗೋ ಸಿರಪ್ಪಿಗೋ ಬದಲಿಸುವ ಬಗ್ಗೆ ಸರ್ಜರಿಗೆ ಮೊದಲೇ ಮನೋವೈದ್ಯರನ್ನು ಕೇಳಿ. ನೋವಿಗೆಂದು ಐಬುಪ್ರೊಫೆನ್ ಬೇಡ; ಅದು ಲಿಥಿಯಂ ಏರಿಸುತ್ತದೆ, ಬೈಪಾಸ್ ಹೊಟ್ಟೆಗೆ ಹುಣ್ಣನ್ನೂ ತರಬಲ್ಲದು.