ಸ್ಮಾರ್ಟ್ ಗನ್‌ಗೆ ಅಡ್ಡ ಬಂದದ್ದು ಒಂದು ಕಾನೂನು

ಮಾಲೀಕನ ಕೈಯಲ್ಲಿ ಮಾತ್ರ ಸಿಡಿಯುವ ಸ್ಮಾರ್ಟ್ ಗನ್ ಬರೀ ಕನಸು ಎಂದು ಒಂದು ಲೇಖನದಲ್ಲಿ ಓದಿದೆ. ಒಪ್ಪೋದು ಕಷ್ಟ. ಅರ್ಮಾಟಿಕ್ಸ್ ಎಂಬ ಜರ್ಮನ್ ಕಂಪನಿ ಇಂಥ ಪಿಸ್ತೂಲನ್ನು 2014ರಲ್ಲೇ ಅಮೆರಿಕದಲ್ಲಿ ಮಾರಲು ಹೊರಟಿತ್ತು. ಜೊತೆಗೊಂದು ಕೈಗಡಿಯಾರ. ಅದರ ರೇಡಿಯೋ ಸಿಗ್ನಲ್ ಹತ್ತಿರದಲ್ಲಿದ್ದರಷ್ಟೇ ಗುಂಡು ಹಾರುತ್ತಿತ್ತು. ಮೇರಿಲ್ಯಾಂಡ್‌ನ ಅಂಗಡಿಯವರೊಬ್ಬರು ಮಾರುತ್ತೇನೆ ಎಂದದ್ದೇ ತಡ, ಕೊಲೆ ಬೆದರಿಕೆಗಳು ಬಂದವು. ಅವರು ಹಿಂದೆ ಸರಿದರು.

ಅಷ್ಟು ಸಿಟ್ಟು ಯಾಕೆ? ನ್ಯೂಜೆರ್ಸಿಯ 2002ರ ಕಾನೂನು. ದೇಶದಲ್ಲಿ ಎಲ್ಲೇ ಸ್ಮಾರ್ಟ್ ಗನ್ ಮಾರಾಟಕ್ಕೆ ಬಂದರೂ, ಮೂರು ವರ್ಷದ ನಂತರ ಆ ರಾಜ್ಯದ ಅಂಗಡಿಗಳು ಬೇರೆ ಕೈಬಂದೂಕು ಮಾರುವಂತಿರಲಿಲ್ಲ. ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುವ, ಅಮೆರಿಕ ಸಂವಿಧಾನದ 1791ರ ಎರಡನೇ ತಿದ್ದುಪಡಿಯನ್ನು ಪ್ರಾಣದಂತೆ ಕಾಯುವವರಿಗೆ ಅದು ಹಿಂಬಾಗಿಲಿನಿಂದ ಬಂದ ನಿಷೇಧವಾಗಿ ಕಂಡಿತು. ಅವರ ಭಯದಲ್ಲಿ ಅರ್ಥ ಇತ್ತು. ಬೆದರಿಕೆಗೆ ಮಾತ್ರ ಕ್ಷಮೆಯಿಲ್ಲ. ಆ ಷರತ್ತನ್ನು ತೆಗೆಯಲು 2019ರವರೆಗೆ ಕಾಯಬೇಕಾಯಿತು.

ಪಿಸ್ತೂಲಿನಲ್ಲೂ ಕೊರತೆ ಇತ್ತು, ನಿಜ. 2017ರಲ್ಲಿ ಒಬ್ಬ ಹ್ಯಾಕರ್ ಅಗ್ಗದ ಅಯಸ್ಕಾಂತಗಳನ್ನು ಪಕ್ಕಕ್ಕೆ ಹಿಡಿದೇ ಅದರ ಬೀಗ ಬಿಡಿಸಿ ತೋರಿಸಿದ. ಅಂಥದ್ದನ್ನು ಸರಿಪಡಿಸಬಹುದು. ಪುಟ್ಟ ಮಕ್ಕಳ ಕೈಗೆ ಮನೆಯ ಬಂದೂಕು ಸಿಕ್ಕಿ ಜೀವ ಹೋಗುವ ದೇಶದಲ್ಲಿ ಇದಕ್ಕೆ ದುಡ್ಡು, ಸಮಯ ಹಾಕಲೇಬೇಕು, ಅಲ್ವಾ? ಬಲವಂತ ಬೇಡ, ಬೇಕಾದವರು ಕೊಳ್ಳಲಿ.