ಆ ಟ್ಯೂನ್ ಮಾಡಿದ್ದು ಯಾರು?

ಇಂಗ್ಲೆಂಡಿನ ಸಣ್ಣ ಊರುಗಳಲ್ಲೂ ವಾರಕ್ಕೊಂದು ರಾತ್ರಿ ಪಬ್‌ನಲ್ಲಿ ಕ್ವಿಜ್ ನಡೆಯುತ್ತದೆ. ನಾಲ್ಕೈದು ಜನ ಒಂದು ಮೇಜಿಗೆ ಕೂರುತ್ತಾರೆ. ತಂಡಕ್ಕೊಂದು ಹಾಳೆ, ಒಂದು ಪೆನ್ಸಿಲ್. ಇತಿಹಾಸ, ಭೂಗೋಳ, ಫುಟ್‌ಬಾಲ್ ಎಲ್ಲ ಆದಮೇಲೆ ಟೀವಿ ಸುತ್ತು ಬರುತ್ತದೆ. ಆಗ ನೋಡಬೇಕು ಆ ಜನರ ಹುರುಪು. ರಿಟೈರ್ ಆದ ಅಜ್ಜ, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ, ಇಬ್ಬರೂ ಒಂದೇ ಹಾಳೆಯ ಮೇಲೆ ಬಗ್ಗಿ ಪಿಸುಪಿಸು ಮಾತಾಡುತ್ತಾರೆ. ಆ ಹುಡುಗಿ ಹುಟ್ಟುವ ಎಷ್ಟೋ ವರ್ಷ ಮೊದಲೇ ಮುಗಿದುಹೋದ ಕಾರ್ಯಕ್ರಮದ ಬಗ್ಗೆ ಪ್ರಶ್ನೆ ಇರುತ್ತದೆ. ಆದರೂ ಅವಳಿಗೆ ಉತ್ತರ ಗೊತ್ತಿರುತ್ತದೆ.

ಇಲ್ಲಿ ಬದುಕು ಕಟ್ಟಿಕೊಂಡ ನನಗೆ ಈ ಜನರಲ್ಲಿ ಬಹಳ ಇಷ್ಟವಾದ ಗುಣ ಇದು. ಟೀವಿಯ ಸಣ್ಣಪುಟ್ಟ ಸಂಗತಿಗಳನ್ನು ಇವರು ಮನೆತನದ ಕಥೆಗಳ ಹಾಗೆ ಕಾಪಾಡಿಕೊಂಡು ಬಂದಿದ್ದಾರೆ. ಯಾರು ಬರೆದರು, ಎಲ್ಲಿ ಶೂಟಿಂಗ್ ಆಯಿತು, ಟ್ಯೂನ್ ಯಾರದು, ಪಾತ್ರದ ಐಡಿಯಾ ಎಲ್ಲಿಂದ ಬಂತು, ಎಲ್ಲಕ್ಕೂ ಲೆಕ್ಕ ಇದೆ. ಕನ್ನಡ ಟೀವಿಗೂ ಈ ಅಕ್ಕರೆ ಸಿಗಬೇಕು ಅನ್ನುವುದೇ ನನ್ನ ಆಸೆ.

ಫಾಲ್ಟಿ ಟವರ್ಸ್ ಎಂಬ ಹಾಸ್ಯ ಧಾರಾವಾಹಿ ತೆಗೆದುಕೊಳ್ಳಿ. ಬಿಬಿಸಿಯಲ್ಲಿ 1975ರಲ್ಲಿ ಆರು ಕಂತು ಬಂತು, 1979ರಲ್ಲಿ ಇನ್ನಾರು. ಅಷ್ಟೇ, ಮುಗಿಯಿತು. ಐವತ್ತು ವರ್ಷ ಆದರೂ ಜನ ಮರೆತಿಲ್ಲ. 1970ರಲ್ಲಿ ನಟ ಜಾನ್ ಕ್ಲೀಸ್ ಮತ್ತು ಅವರ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದವರು ಟಾರ್ಕಿ ಎಂಬ ಸಮುದ್ರದ ದಂಡೆಯ ಊರಿನಲ್ಲಿ ಗ್ಲೆನೀಗಲ್ಸ್ ಹೋಟೆಲಿಗೆ ಹೋಗಿ ಇಳಿದುಕೊಂಡರು. ಅದರ ಮಾಲೀಕ ಡೊನಾಲ್ಡ್ ಸಿಂಕ್ಲೇರ್ ಮಹಾ ಸಿಡುಕ. ತಂಡದ ಒಬ್ಬರು ಬಿಟ್ಟುಹೋದ ಚೀಲದಲ್ಲಿ ಬಾಂಬ್ ಇರಬಹುದು ಅಂತ ಹೆದರಿ ಅದನ್ನು ಹೊರಗೆ ಗೋಡೆಯಾಚೆ ಇಡಿಸಿದ. ಇನ್ನೊಬ್ಬರು ಚಾಕು ಫೋರ್ಕ್ ಹಿಡಿಯುವ ರೀತಿ ಸರಿಯಿಲ್ಲ ಅಂತ ಊಟದ ಮೇಜಿನಲ್ಲೇ ಹೇಳಿದ. ಉಳಿದವರು ಬೇಸತ್ತು ಬೇರೆ ಹೋಟೆಲಿಗೆ ಹೋದರೆ, ಕ್ಲೀಸ್ ಅಲ್ಲೇ ಉಳಿದು ಆತನನ್ನು ನೋಡುತ್ತಾ ಕೂತರು. ಆ ನೋಟದಿಂದ ಹುಟ್ಟಿದ್ದು ಧಾರಾವಾಹಿಯ ಸಿಡುಕ ಹೋಟೆಲ್ ಮಾಲೀಕ ಬೇಸಿಲ್ ಫಾಲ್ಟಿ, ಕ್ಲೀಸ್ ಅವರೇ ಮಾಡಿದ ಪಾತ್ರ. ಹೆಂಡತಿ ಕಾನಿ ಬೂತ್ ಜೊತೆ ಕೂತು ಅವರು ಇದನ್ನು ಬರೆದರು.

ತಮಾಷೆ ಅಂದರೆ ಪರದೆಯ ಮೇಲೆ ಕಾಣುವ ಹೋಟೆಲ್ ಟಾರ್ಕಿಯಲ್ಲೇ ಇರಲಿಲ್ಲ. ಅದು ಬಕಿಂಗ್‌ಹ್ಯಾಮ್‌ಶೈರ್‌ನ ವೂಬರ್ನ್ ಗ್ರೇಂಜ್ ಎಂಬ ಕಟ್ಟಡ. 1991ರಲ್ಲಿ ಬೆಂಕಿ ಬಿದ್ದು ಹಾಳಾಯಿತು. ಹೋಟೆಲಿನ ಬೋರ್ಡಿನ ಅಕ್ಷರಗಳು ಕಂತಿನಿಂದ ಕಂತಿಗೆ ಅದಲುಬದಲಾಗುತ್ತವೆ. ಅದನ್ನು ಮಾಡುವ ಪೇಪರ್ ಹುಡುಗ ಒಂದೇ ಒಂದು ಕಂತಿನಲ್ಲಿ ಕಣ್ಣಿಗೆ ಬೀಳುತ್ತಾನೆ. ಸ್ಪೇನಿನ ಮಾಣಿ ಮ್ಯಾನುಯೆಲ್ ಪಾತ್ರ ಮಾಡಿದ ಆಂಡ್ರೂ ಸ್ಯಾಕ್ಸ್ ಹುಟ್ಟಿದ್ದು ಬರ್ಲಿನ್‌ನಲ್ಲಿ. ಹಿಟ್ಲರನ ಕಾಟಕ್ಕೆ ಅವರ ಕುಟುಂಬ 1938ರಲ್ಲಿ ಇಲ್ಲಿಗೆ ಓಡಿಬಂದಿತ್ತು. ಭಾಷೆ ಬಾರದ ವಲಸಿಗನ ಪಾಡು ನೋಡಿ ದೇಶವೆಲ್ಲ ನಕ್ಕಿತಲ್ಲ, ಆ ಪಾತ್ರದ ಒಳಗಿದ್ದದ್ದು ಎಂಟು ವರ್ಷಕ್ಕೇ ಮನೆ ಬಿಟ್ಟು ಬಂದ ಹುಡುಗ. ಇದು ಗೊತ್ತಾದ ಮೇಲೆ ಅದೇ ಕಂತುಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಸಣ್ಣ ಸಂಗತಿ ಮಾಡುವ ಕೆಲಸ ಇದು.

ನಮ್ಮಲ್ಲೂ ಇಂಥ ಚಿಕ್ಕ ಚೊಕ್ಕ ಧಾರಾವಾಹಿ ಇತ್ತಲ್ವಾ? ಗುಡ್ಡದ ಭೂತ. ಸದಾನಂದ ಸುವರ್ಣ ನಿರ್ದೇಶಿಸಿದ್ದು, ಹದಿಮೂರೇ ಕಂತು. ಆಗಿನ್ನೂ ದೊಡ್ಡ ಹೆಸರಾಗಿರದ ಪ್ರಕಾಶ್ ರೈ ಅದರಲ್ಲಿದ್ದರು. ನನ್ನ ವಯಸ್ಸಿನ ಕನ್ನಡಿಗರು ನಾಲ್ಕು ಜನ ಸೇರಿ ಆ ಹೆಸರು ಎತ್ತಿದರೆ ಸಾಕು, ಯಾರಾದರೂ ಒಬ್ಬರು ಅದರ ಹಾಡು ಗುನುಗಲು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಮಾತು ಸಾಗುವುದಿಲ್ಲ. ಅದರಲ್ಲಿ ಕಾಣುವ ಮನೆ ಯಾವ ಊರಿನದು, ಕ್ಯಾಮೆರಾ ಹಿಡಿದವರು ಯಾರು, ರಾತ್ರಿಯ ದೃಶ್ಯಗಳನ್ನು ಹೇಗೆ ತೆಗೆದರು ಅಂತ ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಸಿನಿಮಾ ವಿಷಯಕ್ಕೆ ಬಂದರೆ ನಾವು ಹೀಗಲ್ಲ. ಅಣ್ಣಾವ್ರ ಯಾವ ಚಿತ್ರ ಯಾವ ಥಿಯೇಟರಿನಲ್ಲಿ ಎಷ್ಟು ವಾರ ಓಡಿತು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವವರಿದ್ದಾರೆ. ಟೀವಿ ಅಂದರೆ ಮಾತ್ರ ಯಾಕೋ ಅಸಡ್ಡೆ. ದಿನಾ ಮನೆಯೊಳಗೇ ಬರುತ್ತದಲ್ಲ, ಅದಕ್ಕೇ ಇರಬೇಕು.

ಈ ಅಸಡ್ಡೆಗೆ ಬ್ರಿಟನ್ ಬೆಲೆ ತೆತ್ತಿದೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವವನ ಕಥೆಯ ಡಾಕ್ಟರ್ ಹೂ ಧಾರಾವಾಹಿಗೆ ಏನಾಯಿತು ಕೇಳಿ.

ಅದರ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರ ಶನಿವಾರ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯಾಗಿತ್ತು. ಜನರ ಮನಸ್ಸೆಲ್ಲ ಅಲ್ಲೇ ಇತ್ತು. ಹಾಗಾಗಿ ಮುಂದಿನ ಶನಿವಾರ ಎರಡನೇ ಕಂತಿಗೆ ಮೊದಲು ಮೊದಲನೆಯದನ್ನು ಇನ್ನೊಂದು ಸಲ ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಬಿಬಿಸಿ ನಾಟಕ ವಿಭಾಗದಲ್ಲಿ ಎಲ್ಲ ಗಂಡಸರೇ ಇದ್ದ ಕಾಲ ಅದು. ಆ ಮೊದಲ ಕಂತನ್ನು ನಿರ್ದೇಶಿಸಿದ್ದು ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು. ಬ್ರಿಟಿಷ್ ಟೀವಿಯ ಇಷ್ಟು ದೊಡ್ಡ ಹೆಸರಿನ ಬುಡದಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬರಿದ್ದಾರೆ ಅನ್ನುವುದನ್ನು ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹೇಳಬೇಕು. ನಾನಂತೂ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಇಷ್ಟು ಜನಪ್ರಿಯವಾದ ಕಾರ್ಯಕ್ರಮವನ್ನು ಬಿಬಿಸಿಯೇ ಅಳಿಸಿಹಾಕಿತು. ಆಗ ವಿಡಿಯೋ ಟೇಪ್ ತುಂಬಾ ದುಬಾರಿ. ಒಂದು ಸಲ ಪ್ರಸಾರವಾದ ಮೇಲೆ ಅದನ್ನೇ ಒರೆಸಿ ಬೇರೆ ಏನಾದರೂ ರೆಕಾರ್ಡ್ ಮಾಡುತ್ತಿದ್ದರು. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಹೊರದೇಶಗಳಿಗೆ ಮಾರಲು ಮಾಡಿದ್ದ ಫಿಲ್ಮ್ ಪ್ರತಿಗಳನ್ನೂ ಜಾಗ ಇಲ್ಲ ಅಂತ ಎಸೆದರು. 1978ರ ಹೊತ್ತಿಗೆ ಈ ಕೆಲಸ ನಿಲ್ಲುವಷ್ಟರಲ್ಲಿ ನೂರಕ್ಕೂ ಹೆಚ್ಚು ಕಂತು ಕೈಬಿಟ್ಟುಹೋಗಿತ್ತು.

ಮುಂದೆ ಆದದ್ದು ಇನ್ನೂ ಮುಖ್ಯ. ಅರವತ್ತರ ದಶಕದಲ್ಲಿ ಕೆಲವು ಹುಡುಗರು ಟೀವಿಯ ಸ್ಪೀಕರ್ ಮುಂದೆ ಮೈಕ್ ಹಿಡಿದು, ಮನೆಯವರನ್ನೆಲ್ಲ ಸುಮ್ನಿರಿಸಿ, ಟೇಪ್ ರೆಕಾರ್ಡರಿನಲ್ಲಿ ಧ್ವನಿ ಹಿಡಿದಿಟ್ಟಿದ್ದರು. ಅವರ ದೆಸೆಯಿಂದ ಚಿತ್ರ ಕಳೆದುಹೋದ ಕಂತುಗಳ ಧ್ವನಿ ಪೂರ್ತಿ ಉಳಿದಿದೆ. ಅಭಿಮಾನಿಗಳು ಯಾವ ಕಂತು ಯಾವ ದೇಶಕ್ಕೆ ಹೋಗಿತ್ತು ಅಂತ ಪಟ್ಟಿ ಮಾಡಿದರು. ಆ ಜಾಡು ಹಿಡಿದು ಹುಡುಕಿದವರಿಗೆ ನೈಜೀರಿಯಾದ ಜಾಸ್ ಪಟ್ಟಣದ ಒಂದು ಟೀವಿ ಕೇಂದ್ರದಲ್ಲಿ ಒಂಬತ್ತು ಕಂತಿನ ಡಬ್ಬಿಗಳು ಸಿಕ್ಕಿದವು. 2013ರಲ್ಲಿ ಅವು ಹೊರಬಂದಾಗ ಇಲ್ಲಿ ದೊಡ್ಡ ಸುದ್ದಿ. ಕಂತಿನ ನಂಬರ್, ಪ್ರಸಾರದ ತಾರೀಕು ಬರೆದಿಟ್ಟವರನ್ನು ಕೆಲಸಕ್ಕೆ ಬಾರದವರು ಅಂತ ಒಂದು ಕಾಲದಲ್ಲಿ ಜನ ನಗುತ್ತಿದ್ದರು. ಕೊನೆಗೆ ಉಪಯೋಗಕ್ಕೆ ಬಂದದ್ದು ಅವರ ಪಟ್ಟಿಗಳೇ.

ಡಾಕ್ಟರ್ ಹೂ ಟ್ಯೂನ್ ಕೇಳಿದ್ದೀರಾ? ಎದೆ ಝಲ್ ಅನ್ನಿಸುತ್ತದೆ. ರಾಗ ಬರೆದವರು ರಾನ್ ಗ್ರೇನರ್. ಆದರೆ ಅದಕ್ಕೆ ಆ ವಿಚಿತ್ರ ಧ್ವನಿ ಕೊಟ್ಟವರು ಡೀಲಿಯಾ ಡರ್ಬಿಶೈರ್, ಬಿಬಿಸಿಯ ಧ್ವನಿ ಕಾರ್ಯಾಗಾರದಲ್ಲಿದ್ದ ಹೆಣ್ಣುಮಗಳು. ಈಗಿನ ಹಾಗೆ ಸಿಂಥಸೈಜರ್ ಇರಲಿಲ್ಲ. ತಂತಿಯೊಂದನ್ನು ಮೀಟಿ ರೆಕಾರ್ಡ್ ಮಾಡಿಕೊಂಡರು. ಅದನ್ನೇ ವೇಗ ಹೆಚ್ಚು ಕಡಿಮೆ ಮಾಡಿ ಬೇರೆ ಬೇರೆ ಸ್ವರ ಮಾಡಿದರು. ಒಂದೊಂದು ಸ್ವರಕ್ಕೂ ಒಂದೊಂದು ತುಂಡು ಟೇಪ್. ಅಳತೆ ಮಾಡಿ, ಬ್ಲೇಡಿನಲ್ಲಿ ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಕೇಳಿದ ಗ್ರೇನರ್ ಬೆರಗಾಗಿ ಇದನ್ನು ನಾನೇ ಬರೆದದ್ದಾ ಅಂತ ಕೇಳಿದರಂತೆ. ಅರ್ಧ ಹಣ ಡೀಲಿಯಾಗೂ ಸಿಗಲಿ ಅಂದರು. ಸಂಸ್ಥೆಯ ನಿಯಮದ ಪ್ರಕಾರ ಕಾರ್ಯಾಗಾರದವರ ಹೆಸರು ಹಾಕುವಂತಿರಲಿಲ್ಲ, ಹಣವನ್ನೂ ಕೊಡುವಂತಿರಲಿಲ್ಲ. ಡೀಲಿಯಾ 2001ರಲ್ಲಿ ತೀರಿಕೊಂಡರು. ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ, 2013ರಲ್ಲಿ, ಅವರ ಹೆಸರು ಮೊದಲ ಬಾರಿಗೆ ಪರದೆಯ ಮೇಲೆ ಬಂತು. ಇವತ್ತು ಪಬ್ ಕ್ವಿಜ್‌ನಲ್ಲಿ ಆ ಹೆಸರು ಹೇಳಿದರೆ ಒಂದು ಅಂಕ. ನನಗೆ ಅದು ಬರೀ ಅಂಕ ಅಲ್ಲ. ಒಬ್ಬ ಹೆಂಗಸಿಗೆ ತಡವಾಗಿ ಸಿಕ್ಕ ನ್ಯಾಯ.

ಈಗ ನಮ್ಮ ಧಾರಾವಾಹಿಗಳನ್ನು ನೋಡಿ. ಹೆಸರುಗಳು ಓಡುವ ವೇಗಕ್ಕೆ ಯಾರೂ ಓದಲಾರರು. ಸಂಭಾಷಣೆ ಬರೆಯುವವರು ದಿನಕ್ಕೊಂದು ಕಂತು ಬರೆದು ಕೊಡುತ್ತಾರೆ. ಸಂಕಲನಕಾರರು ರಾತ್ರಿಯೆಲ್ಲ ಕೂತು ಕೆಲಸ ಮಾಡುತ್ತಾರೆ. ಇವರ ಹೆಸರು ನೋಡುಗರಿಗೆ ತಲುಪುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ದಿನಾ ಬರುವ ಧಾರಾವಾಹಿ ಅಂದಮೇಲೆ ಯಾರು ನೆನಪಿಡುತ್ತಾರೆ ಅಂತ ಕೆಲವರು ಕೇಳುತ್ತಾರೆ. ಒಂದು ಬೀದಿಯ ಜನರ ಕಥೆ ಹೇಳುವ ಇಲ್ಲಿನ ಧಾರಾವಾಹಿ ಕರೋನೇಷನ್ ಸ್ಟ್ರೀಟ್ 1960ರ ಡಿಸೆಂಬರ್ 9ರಂದು ಶುರುವಾಗಿ ಇನ್ನೂ ನಡೆಯುತ್ತಲೇ ಇದೆ. ಮೊದಲ ಕಂತಿನಲ್ಲಿ ಕೆನ್ ಬಾರ್ಲೋ ಆಗಿ ಬಂದ ವಿಲಿಯಂ ರೋಚ್ ಅರವತ್ತು ವರ್ಷ ದಾಟಿದರೂ ಅದೇ ಪಾತ್ರದಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಗಿನ್ನೆಸ್ ದಾಖಲೆಯೂ ಅವರ ಹೆಸರಿಗಿದೆ. ಆ ಬೀದಿಯ ಯಾವ ಮನೆಯಲ್ಲಿ ಯಾರಿದ್ದರು, ಯಾರ ಮದುವೆ ಯಾವಾಗ ಮುರಿಯಿತು ಅಂತ ಇಲ್ಲಿನವರು ಹೇಳುತ್ತಾರೆ. ಉದ್ದ ಇದ್ದರೆ ನೆನಪು ಉಳಿಯುವುದಿಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಇವರ ಪಕ್ಕ ಎದೆಯುಬ್ಬಿಸಿ ನಿಲ್ಲಬಹುದು. ಬ್ರಿಟನ್ನಿನ ಒಳ್ಳೆಯ ಕ್ವಿಜ್‌ಗಳಲ್ಲಿ ದುಡ್ಡಿನ ಬಹುಮಾನ ಇರುವುದಿಲ್ಲ. 1972ರಲ್ಲಿ ಶುರುವಾದ ಮಾಸ್ಟರ್‌ಮೈಂಡ್‌ನಲ್ಲಿ ಗೆದ್ದವರಿಗೆ ಗಾಜಿನ ಬೋಗುಣಿ. ಅದರ ಕಪ್ಪು ಕುರ್ಚಿ, ಕತ್ತಲ ನಡುವಿನ ದೀಪ ಹುಟ್ಟಿದ್ದು ನಿರ್ಮಾಪಕ ಬಿಲ್ ರೈಟ್ ಯುದ್ಧಕೈದಿಯಾಗಿದ್ದಾಗ ಎದುರಿಸಿದ ವಿಚಾರಣೆಯ ನೆನಪಿನಿಂದ. 1982ರ ನವೆಂಬರ್ 2ರಂದು ಚಾನೆಲ್ 4ರ ಮೊದಲ ಕಾರ್ಯಕ್ರಮವಾಗಿ ಬಂದ ಕೌಂಟ್‌ಡೌನ್‌ನಲ್ಲಿ ಗೆದ್ದರೆ ಒಂದು ಟೀಪಾಟ್. ನಮ್ಮ ದೂರದರ್ಶನ ಚಂದನದಲ್ಲಿ 2002ರಿಂದ ಬರುತ್ತಿರುವ ಥಟ್ ಅಂತ ಹೇಳಿ ಕೊಡುವುದು ಪುಸ್ತಕ. ನಾ. ಸೋಮೇಶ್ವರ ಅವರು ವೈದ್ಯರಾಗಿದ್ದೂ ಸಾವಿರಾರು ಕಂತು ಅದೇ ನಗುಮುಖದಿಂದ ನಡೆಸಿಕೊಟ್ಟರು. ಉತ್ತರ ತಪ್ಪಾದವರಿಗೂ ವಿಷಯ ತಿಳಿಸಿ ಕಳಿಸುತ್ತಾರೆ. ಲಂಡನ್ನಿನಲ್ಲಿ 1998ರಲ್ಲಿ ಹುಟ್ಟಿದ ಕೋಟಿ ಗೆಲ್ಲುವ ಆಟ 2012ರಲ್ಲಿ ಪುನೀತ್ ರಾಜ್‌ಕುಮಾರ್ ಜೊತೆ ಕನ್ನಡದ ಕೋಟ್ಯಾಧಿಪತಿ ಆಗಿ ಬಂತು. ಅಪ್ಪು ಅದಕ್ಕೆ ತಮ್ಮ ಪ್ರೀತಿ ತುಂಬಿದರು, ನಿಜ. ಆದರೂ ಬ್ರಿಟಿಷ್ ಕ್ವಿಜ್‌ನ ಒಳ್ಳೆಯ ಗುಣ ನಮ್ಮಲ್ಲಿ ಕಾಣುವುದು ಪುಸ್ತಕ ಕೊಡುವ ಕಾರ್ಯಕ್ರಮದಲ್ಲೇ. ಅದು ಯಾರಿಂದಲೂ ಕೊಂಡು ತಂದದ್ದಲ್ಲ.

ನೆನಪಿಟ್ಟುಕೊಳ್ಳುವುದು ನಮಗೆ ಬರುವುದಿಲ್ಲ ಅಂತಲೂ ಅಲ್ಲ. ಶಂಕರ್ ನಾಗ್ ಮಾಲ್ಗುಡಿ ಡೇಸ್ ತೆಗೆದ ಆಗುಂಬೆಯ ದೊಡ್ಡಮನೆಯನ್ನು ಜನ ಈಗಲೂ ಹುಡುಕಿಕೊಂಡು ಹೋಗುತ್ತಾರೆ. ಸ್ವಾಮಿ ಆಗಿದ್ದವರು ಮಾಸ್ಟರ್ ಮಂಜುನಾಥ್, ಸಂಗೀತ ಎಲ್. ವೈದ್ಯನಾಥನ್ ಅವರದು, ಚಿತ್ರ ಬರೆದವರು ಆರ್.ಕೆ. ಲಕ್ಷ್ಮಣ್ ಅಂತ ಹೇಳುವವರು ಎಷ್ಟೋ ಜನ. ಅದು ಹಿಂದಿಯಲ್ಲಿ ದೇಶಕ್ಕೆಲ್ಲ ಹೋಯಿತು, ಹಾಗಾಗಿ ಲೆಕ್ಕ ಉಳಿಯಿತು. ಟಿ.ಎನ್. ಸೀತಾರಾಂ ಅವರ ಮಾಯಾಮೃಗಕ್ಕೆ, ಅವರೇ ಮಾಡಿದ ಸಿಎಸ್‌ಪಿ ಎಂಬ ವಕೀಲರ ಪಾತ್ರದ ಕೋರ್ಟ್ ದೃಶ್ಯಗಳಿಗೆ, ಸಿಲ್ಲಿ ಲಲ್ಲಿಗೆ, ಪಾಪ ಪಾಂಡುವಿಗೆ ಅಷ್ಟೇ ಅಕ್ಕರೆಯ ದಾಖಲೆ ಬೇಕು. ಅವುಗಳಲ್ಲಿ ಕೆಲಸ ಮಾಡಿದ ಎಷ್ಟೋ ಜನ ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಹೊರನಾಡಿನ ಕನ್ನಡ ಸಂಘಗಳು ವರ್ಷಾವರ್ಷ ಊರಿನಿಂದ ಕಲಾವಿದರನ್ನು ಕರೆಸುತ್ತವೆ. ಹಾರ ಹಾಕಿ, ಫೋಟೋ ತೆಗೆಸಿಕೊಂಡು ಕಳಿಸುವ ಬದಲು ಒಂದು ಗಂಟೆ ಕೂರಿಸಿ ಆ ದಿನಗಳ ಬಗ್ಗೆ ಮಾತಾಡಿಸಿ ರೆಕಾರ್ಡ್ ಮಾಡಿದರೆ ಎಷ್ಟು ಚೆನ್ನ.

ಇನ್ನೊಂದು ಕೆಲಸ ನಿಮ್ಮ ಮನೆಯಲ್ಲೇ ಇದೆ. ಊರಿನ ಅಟ್ಟದ ಮೇಲೆ, ಕಬ್ಬಿಣದ ಟ್ರಂಕಿನಲ್ಲಿ, ತೊಂಬತ್ತರ ದಶಕದ ವಿಸಿಆರ್ ಕ್ಯಾಸೆಟ್‌ಗಳು ಇದ್ದರೂ ಇರಬಹುದು. ಮದುವೆ ಕ್ಯಾಸೆಟ್ ಅಂತ ಚೀಟಿ ಅಂಟಿಸಿದ್ದರೂ ಕೊನೆಯವರೆಗೆ ಓಡಿಸಿ ನೋಡಿ, ಉಳಿದ ಟೇಪಿನಲ್ಲಿ ಯಾರೋ ಧಾರಾವಾಹಿ ಹಿಡಿದಿಟ್ಟಿರಬಹುದು. ಬೂಷ್ಟು ಹಿಡಿದಿದ್ದರೆ ನೀವೇ ಯಂತ್ರಕ್ಕೆ ಹಾಕಬೇಡಿ, ತಿಳಿದವರ ಹತ್ತಿರ ಒಯ್ಯಿರಿ. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೂ ಮೂಲ ಕ್ಯಾಸೆಟ್ ಬಿಸಾಡಬೇಡಿ. ಯಾವ ವರ್ಷದ್ದು, ಯಾವ ಚಾನೆಲ್, ಯಾರ ಮನೆಯಲ್ಲಿ ರೆಕಾರ್ಡ್ ಆದದ್ದು ಅಂತ ಒಂದು ಚೀಟಿ ಬರೆದು ಒಳಗಿಡಿ. ಮಧ್ಯೆ ಬರುವ ಜಾಹೀರಾತು, ಮುಂದಿನ ಕಾರ್ಯಕ್ರಮ ಹೇಳುವ ನಿರೂಪಕಿಯ ಮಾತು, ಯಾವುದನ್ನೂ ಕತ್ತರಿಸಬೇಡಿ. ಆ ಕಂತು ಯಾವ ವಾರ ಬಂತು ಅಂತ ಪತ್ತೆ ಹಚ್ಚಲು ನಾಳೆ ಅವೇ ಬೇಕಾಗುತ್ತವೆ.