ಗೊರವಯ್ಯನವರೇ, ನಿಮ್ಮ ಲೈಸೆನ್ಸ್ ಎಲ್ಲಿ?

ಮೈಲಾರಲಿಂಗನ ಗೊರವಯ್ಯ ಗೊತ್ತಲ್ವಾ? ಕರಿ ಕಂಬಳಿ, ಕರಡಿ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರುಗ. "ಏಳು ಕೋಟಿಗೋ" ಎನ್ನುತ್ತಾ ಬಾಗಿಲಿಗೆ ಬಂದರೆ ಮೊರದಲ್ಲಿ ಜೋಳವೋ ರಾಗಿಯೋ ತಂದು ಹಾಕುತ್ತೇವೆ. ಯಾರ ಪರ್ಮಿಷನ್ ತಗೊಂಡು ಬಂದೆ ಅಂತ ಯಾವ ಅಜ್ಜಿಯೂ ಕೇಳಿಲ್ಲ. ಸರ್ಕಾರ ಕೇಳುತ್ತದೆ.

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ ಭಿಕ್ಷೆ ಬೇಡುವುದು ಅಪರಾಧ. ಆದರೆ ಭಿಕ್ಷುಕರ ಕೇಂದ್ರಗಳನ್ನು ನೋಡಿಕೊಳ್ಳುವ ಕೇಂದ್ರ ಪರಿಹಾರ ಸಮಿತಿಯ ಲೈಸೆನ್ಸ್ ಇರುವ ಧಾರ್ಮಿಕ ಭಿಕ್ಷುಕ, ಭಿಕ್ಷುಕನೇ ಅಲ್ಲ. ಹರಕೆ ಹೊತ್ತು ಬೇಡುವವನೂ ಅಲ್ಲ, ಉಪದ್ರವ ಕೊಡದಿದ್ದರೆ ಸಾಕು. ಅಂದರೆ ಹೊಟ್ಟೆ ಹಸಿದಿದೆ ಅಂದವನಿಗೆ ಹಿಡಿದೊಯ್ಯುವ ವ್ಯಾನು, ಹರಕೆ ಇದೆ ಅಂದವನಿಗೆ ವಿನಾಯಿತಿ.

ಆ ಲೈಸೆನ್ಸ್ ಕೌಂಟರಿನಲ್ಲಿ ಪುರಂದರದಾಸರು ನಿಂತಿದ್ದಾರೆ ಅಂತ ಸುಮ್ನೆ ಊಹಿಸಿಕೊಳ್ಳಿ.

"ಹಿಂದೆ ಏನು ಮಾಡ್ತಿದ್ರಿ?"

"ಲೇವಾದೇವಿ."

"ಆಸ್ತಿ?"

"ಒಂಬತ್ತು ಕೋಟಿ ಇತ್ತು ಅಂತಾರೆ. ದಾನ ಮಾಡಿಬಿಟ್ಟೆ."

"ದಾನಪತ್ರ ರಿಜಿಸ್ಟರ್ ಆಗಿದೆಯಾ? ಬಿಪಿಎಲ್ ಕಾರ್ಡು? ತಂಬೂರಿ ಸದ್ದು ಉಪದ್ರವ ಅಲ್ಲ ಅಂತ ಸ್ಟೇಷನ್ನಿಂದ ಎನ್‌ಒಸಿ ತನ್ನಿ. ಗೋಪಾಳ ಬುಟ್ಟಿಯ ಫೋಟೋ ಎರಡು ಪ್ರತಿ. ನಾಳೆ ಬನ್ನಿ, ಸಾಹೇಬರು ಮೀಟಿಂಗಲ್ಲಿದ್ದಾರೆ."

ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 3 ರೂಪಾಯಿ ಭಿಕ್ಷುಕರ ಸೆಸ್ ಇದೆ. ಪಾಲಿಕೆ ಅದನ್ನು ವಸೂಲಿ ಮಾಡಿ ಸಮಿತಿಗೆ ಕಟ್ಟಬೇಕು. ಬೆಂಗಳೂರಿನ ಪಾಲಿಕೆ ವಸೂಲಿ ಮಾತ್ರ ತಪ್ಪದೆ ಮಾಡಿತು. ಸಮಿತಿಗೆ ಕಟ್ಟಬೇಕಾದ ಬಾಕಿ ಕೋಟಿಗಳ ಲೆಕ್ಕದಲ್ಲಿ ಬೆಳೆಯಿತು. 2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಜನ ಒಬ್ಬರ ಹಿಂದೊಬ್ಬರು ಸತ್ತರು. ಭಿಕ್ಷೆ ಬೇಡಬೇಡಿ, ನಾವು ನೋಡಿಕೊಳ್ಳುತ್ತೇವೆ ಅಂತ ಹಿಡಿದು ತಂದಿದ್ದ ಜನ.

ಈಗ ಸಮಿತಿ ಪಾಲಿಕೆಗೆ ಪತ್ರ ಬರೆಯುತ್ತದೆ, ಪಾಲಿಕೆ "ಮುಂದೆ ಹೋಗಪ್ಪ" ಎನ್ನುತ್ತದೆ. ಕಾಯ್ದೆಯಲ್ಲೇ ಇದಕ್ಕೂ ದಾರಿ ಇದೆ. ಸಾರ್ವಜನಿಕ ಕೆಲಸಕ್ಕೆ ಚಂದಾ ಎತ್ತುವವರಿಗೆ ಸಮಿತಿ ಲಿಖಿತ ಅನುಮತಿ ಕೊಡಬಹುದು. ಹಾಗಾಗಿ ಸಮಿತಿಯವರು ತಮಗೆ ತಾವೇ ಒಂದು ಅನುಮತಿ ಪತ್ರ ಬರೆದುಕೊಂಡು, ಸೀಲು ಒತ್ತಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಪಾಲಿಕೆ ಗೇಟಿನ ಮುಂದೆ ನಿಲ್ಲಲಿ. ಯಾವ ದಿನವಾದರೂ ಆದೀತು, ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು.